ಎಡಿಸನ್ನನೂ ಕರಗುವ ತಂತಿಯೂ

ಥಾಮಸ್ ಆಲ್ವಾ ಎಡಿಸನ್ನನು ವಿದ್ಯುದ್ದೀಪದ ಜನಕನೆಂದು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಂಠಪಾಠ ಮಾಡಿದ್ದೇವೆ. ದೀಪ ಹೊತ್ತಿಸಿದ ಆ ಮಹಾಶಯನು, ಅಪಾಯ ಬಂದಾಗ ವಿದ್ಯುತ್ತು ತಾನಾಗಿ ಕಡಿದುಹೋಗುವ ಬಗೆಯನ್ನೂ ಚಿಂತಿಸಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ಗೆಳೆಯರು ನಗಬಹುದು. ನನ್ನೂರು ನೊಣವಿನಕೆರೆ, ತೆಂಗಿನ ತೋಟದಲ್ಲಿ ಬೆಳೆದವನಿಗೆ ಪಂಪಿನ ಮನೆಯ ಫ್ಯೂಸು ಪುಸ್ತಕಕ್ಕಿಂತ ಹಳೆಯ ಪರಿಚಯ.

ಎಡಿಸನ್ನನು 1847ರ ಫೆಬ್ರವರಿ 11ರಂದು ಅಮೆರಿಕದ ಓಹಾಯೋ ಸಂಸ್ಥಾನದ ಮಿಲಾನ್ ಎಂಬ ಊರಿನಲ್ಲಿ ಜನಿಸಿದನು. ಶಾಲೆಗೆ ಹೋದದ್ದು ಅತ್ಯಲ್ಪ, ತಾಯಿಯೇ ಗುರುವಾದಳು. ಬಾಲ್ಯದಲ್ಲಿಯೇ ರೈಲಿನಲ್ಲಿ ವೃತ್ತಪತ್ರಿಕೆ, ಮಿಠಾಯಿ ಮಾರುತ್ತ, ಸಾಮಾನಿನ ಡಬ್ಬಿಯಲ್ಲಿ ರಾಸಾಯನಿಕ ಪ್ರಯೋಗ ನಡೆಸುತ್ತಿದ್ದನು. ಅಲ್ಲಿ ಬೆಂಕಿ ಹೊತ್ತಿ, ಪ್ರಯೋಗಶಾಲೆಯ ಸಮೇತ ಹೊರಬೀಳಬೇಕಾಯಿತು. 1862ರಲ್ಲಿ ರೈಲಿನ ಡಬ್ಬಿಗೆ ಸಿಲುಕಲಿದ್ದ ಸ್ಟೇಷನ್ ಮಾಸ್ತರರ ಮಗುವನ್ನು ರಕ್ಷಿಸಿದನು. ಕೃತಜ್ಞನಾದ ತಂದೆಯು ಅವನಿಗೆ ತಂತಿವಿದ್ಯೆಯನ್ನು ಕಲಿಸಿದನು. ಸುರುಳಿಯಲ್ಲಿ ಪ್ರವಾಹ ಹರಿದೊಡನೆ ಕಬ್ಬಿಣವು ಅಯಸ್ಕಾಂತವಾಗಿ ಸನ್ನೆಯನ್ನು ಸೆಳೆಯುವ ಚಮತ್ಕಾರವು ತಂತಿಯಂತ್ರದ ಜೀವಾಳ. ಇಂದಿನ ಸರ್ಕ್ಯೂಟ್ ಬ್ರೇಕರಿನ ಹೊಟ್ಟೆಯಲ್ಲಿರುವುದೂ ಅಂಥದೇ ಸುರುಳಿ.

1876ರಲ್ಲಿ ಮೆನ್ಲೋ ಪಾರ್ಕಿನ ಪ್ರಯೋಗಶಾಲೆ, 1877ರಲ್ಲಿ ಫೋನೋಗ್ರಾಫ್, 1879ರಲ್ಲಿ ದೀಪ. ಅದೇ 1879ರ ಪೇಟೆಂಟ್ ಅರ್ಜಿಯೊಂದರಲ್ಲಿ ಆತನು ಸರ್ಕ್ಯೂಟ್ ಬ್ರೇಕರಿನ ಆದಿರೂಪವನ್ನು ವರ್ಣಿಸಿದ್ದನು. ಆದರೆ ಬಳಕೆಗೆ ತಂದದ್ದು ಅದನ್ನಲ್ಲ, 1880ರಲ್ಲಿ ಪೇಟೆಂಟ್ ಪಡೆದ ಕರಗುವ ತಂತಿಯನ್ನು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರವು ಸುಮಾರು 400 ದೀಪಗಳನ್ನು ಬೆಳಗಿಸಿದಾಗ ಅವುಗಳ ಕಾವಲಿಗಿದ್ದುದು ಫ್ಯೂಸೇ. ತಂತಿ ಅಗ್ಗ, ಸರಳ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ. ಆದರೆ ಫ್ಯೂಸು ಬಳಸುವವನ ವಿವೇಕವನ್ನು ನಂಬಿ ಬದುಕುವ ವಸ್ತು.

ನಮ್ಮ ಕಡೆಯ ತೋಟಗಳಲ್ಲಿ ಆಗುವುದನ್ನು ನೋಡಿರಿ. ಫ್ಯೂಸು ಮೇಲಿಂದ ಮೇಲೆ ಹೋಗುತ್ತದೆಂದು ಬೇಸತ್ತು ದಪ್ಪ ತಾಮ್ರದ ತಂತಿ ಸುತ್ತುತ್ತಾರೆ. ಆಮೇಲೆ ಫ್ಯೂಸು ಹೋಗುವುದಿಲ್ಲ, ಮೋಟಾರು ಹೋಗುತ್ತದೆ. ಏಪ್ರಿಲಿನ ಬಿಸಿಲಿನಲ್ಲಿ ಮೋಟಾರು ಸುಟ್ಟು, ಮತ್ತೆ ಸುತ್ತಿಸಿ ತರುವುದರೊಳಗೆ ಗಿಡದ ಬುಡ ಒಣಗಿ ಹರಳು ಉದುರುವುದನ್ನು ನಾನು ಕಂಡಿದ್ದೇನೆ.

1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಜ್ ಪೇಟೆಂಟ್ ಪಡೆದ ಪುಟ್ಟ ಬ್ರೇಕರಿನಲ್ಲಿ ಈ ಮೋಸಕ್ಕೆ ಆಸ್ಪದ ಕಡಿಮೆ. ಅದರಲ್ಲಿ ಇಬ್ಬರು ಕಾವಲುಗಾರರು. ಎರಡು ಲೋಹಗಳನ್ನು ಬೆಸೆದ ಪಟ್ಟಿಯು ಹೊರೆ ಹೆಚ್ಚಾದಾಗ ನಿಧಾನವಾಗಿ ಕಾದು ಬಾಗುತ್ತದೆ. ತಂತಿಗೆ ತಂತಿ ತಗುಲಿದರೆ ಅಯಸ್ಕಾಂತದ ಸುರುಳಿಯು ಕ್ಷಣಾರ್ಧದಲ್ಲಿ ಕೊಂಡಿ ಕಳಚುತ್ತದೆ. ಒದ್ದೆ ನೆಲದಲ್ಲಿ ನಿಂತ ಮನುಷ್ಯನನ್ನು ಕಾಯಲು ಮಾತ್ರ ಇವೆರಡೂ ಸಾಲವು. ಅದಕ್ಕೆ, ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರ್ ಅಂತರ ಬಂದರೆ ಕಡಿಯುವ ಬೇರೊಂದು ಬ್ರೇಕರು ಬೇಕು.

ಕೊಂಡಿ ಕಳಚಿದರೂ ವಿದ್ಯುತ್ತು ಸುಲಭವಾಗಿ ಸೋಲುವುದಿಲ್ಲ. ಬಿರುಕಿನಲ್ಲಿ ಬೆಂಕಿಯ ಸೇತುವೆ ಕಟ್ಟುತ್ತದೆ. ಉಪಕೇಂದ್ರಗಳ ದೊಡ್ಡ ಬ್ರೇಕರುಗಳು ಅದನ್ನು ಎಣ್ಣೆಯಲ್ಲಿಯೋ, ನಿರ್ವಾತದಲ್ಲಿಯೋ, ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲದಲ್ಲಿಯೋ ನಂದಿಸುತ್ತವೆ. ನಮ್ಮ ಮನೆಗೆ ಬರುವ ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಆ ಕಿಡಿ ನಂದುವುದಕ್ಕೆ ಅವಕಾಶವಾಗುತ್ತದೆ. ನೇರ ಪ್ರವಾಹವು ಹಾಗೆ ಇಳಿಯುವುದೇ ಇಲ್ಲ. (ಸೌರ ಪಂಪಿನ ಫಲಕಗಳ ಕಡೆಗೆ ಮನೆಯ ಮಾಮೂಲಿ ಬ್ರೇಕರು ಹಾಕಬಾರದೆನ್ನುವುದು ಇದಕ್ಕಾಗಿಯೇ.) ವಿಪರ್ಯಾಸವೆಂದರೆ, ಎಡಿಸನ್ನನು 1880ರ ದಶಕದಲ್ಲಿ ನೇರ ಪ್ರವಾಹದ ಪಕ್ಷ ವಹಿಸಿ, ಪರ್ಯಾಯ ಪ್ರವಾಹವು ಪ್ರಾಣಾಂತಕವೆಂದು ಹಟ ಹಿಡಿದು ಸಾರಿದನು. ಅಷ್ಟು ದೊಡ್ಡ ಬುದ್ಧಿಗೆ ಆ ಹಟ ಒಪ್ಪುವಂಥದಲ್ಲ.

ಹಟ ಗೆಲ್ಲಲಿಲ್ಲ. 1892ರಲ್ಲಿ ಅವನ ಕಂಪನಿಯು ಪ್ರತಿಸ್ಪರ್ಧಿಯೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು; ಎಡಿಸನ್ನನ ಹೆಸರು ಬಿಟ್ಟುಹೋಯಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಪರ್ಯಾಯ ಪ್ರವಾಹವನ್ನು ಕಳುಹಿಸಿದ ವಿದ್ಯುದ್ಯಂತ್ರಗಳು ಅದೇ ಕಂಪನಿಯವು.

ಅಮೆರಿಕದಲ್ಲಿಯೇ 1,093 ಪೇಟೆಂಟುಗಳನ್ನು ಪಡೆದ ಎಡಿಸನ್ನನು 1931ರ ಅಕ್ಟೋಬರ್ 18ರಂದು ತೀರಿಕೊಂಡನು. ಗೌರವಾರ್ಥವಾಗಿ ದೇಶದ ವಿದ್ಯುತ್ತನ್ನೇ ಒಂದು ನಿಮಿಷ ನಿಲ್ಲಿಸಬೇಕೆಂಬ ಸಲಹೆ ಬಂದಿತು. ಅಷ್ಟು ಹೊತ್ತಿಗೆ ಬದುಕೆಲ್ಲ ವಿದ್ಯುತ್ತನ್ನು ನೆಮ್ಮಿಕೊಂಡಿದ್ದುದರಿಂದ ಅದು ಅಪಾಯವೆಂದು ಕೈಬಿಟ್ಟರು. 21ರ ರಾತ್ರಿ 10 ಗಂಟೆಗೆ ಜನರು ತಮ್ಮ ತಮ್ಮ ದೀಪಗಳನ್ನು ತಾವೇ ಆರಿಸಿದರು.