ನಳಿಗೆಯ ಜೊತೆ ಒಂದು ಜೀವನ: ಜಾನ್ ಬ್ರೌನಿಂಗ್

ಪಬ್‌ಜಿ ಆಡಿರೋರಿಗೆಲ್ಲ ಎಸ್1897 ಅನ್ನೋ ಪಂಪ್ ಶಾಟ್‌ಗನ್ ಗೊತ್ತು. ಪಿ1911 ಪಿಸ್ತೂಲೂ ಗೊತ್ತು, ವಿನ್94 ರೈಫಲ್ಲೂ ಗೊತ್ತು. ಈ ಮೂರಕ್ಕೂ ಮೂಲವಾದ ನಿಜವಾದ ಬಂದೂಕುಗಳನ್ನು ಡಿಸೈನ್ ಮಾಡಿದ್ದು ಒಬ್ಬರೇ ವ್ಯಕ್ತಿ ಅನ್ನೋದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರೇ ಜಾನ್ ಮೋಸೆಸ್ ಬ್ರೌನಿಂಗ್. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ಅವರ ಹೆಸರಲ್ಲಿ 128 ಪೇಟೆಂಟ್‌ಗಳಿವೆ. ಅವರು ಮಾಡಿದ್ದನ್ನೆಲ್ಲ ಪಟ್ಟಿ ಮಾಡೋಕೆ ಹೋದ್ರೆ ಈ ಸಂಚಿಕೆ ಪೂರ್ತಿ ಸಾಲೋದಿಲ್ಲ. ಅದಕ್ಕೆ ನಾವು ಒಂದೇ ಒಂದು ಪಾರ್ಟ್ ಹಿಡ್ಕೊಂಡು ಹೋಗೋಣ: ನಳಿಗೆ, ಅಂದ್ರೆ ಬ್ಯಾರಲ್.

ಗುಜರಿಯ ನಳಿಗೆ

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಅಮೆರಿಕದ ಯೂಟಾ ಪ್ರಾಂತ್ಯದ ಓಗ್ಡನ್ ಊರಲ್ಲಿ. ಅಪ್ಪ ಜೊನಾಥನ್ ಕೋವಿ ರಿಪೇರಿ ಮಾಡ್ತಿದ್ದವರು, ಮಾರ್ಮನ್ ಪಂಥದವರು. ಮೂವರು ಹೆಂಡತಿಯರು, 22 ಮಕ್ಕಳು. ನಮ್ಮ ಕ್ಲಾಸಿನ ಒಂದು ಲ್ಯಾಬ್ ಬ್ಯಾಚ್‌ಗಿಂತ ದೊಡ್ಡ ಸಂಸಾರ ಅದು! ಜಾನ್ ಆಟ ಆಡಿದ್ದೆಲ್ಲ ಅಪ್ಪನ ಅಂಗಡಿಯ ಗುಜರಿ ರಾಶಿಯಲ್ಲೇ. ಹತ್ತು ವರ್ಷದವನಿದ್ದಾಗ ಆ ರಾಶಿಯಿಂದ ಒಂದು ಹಳೇ ನಳಿಗೆ ಆರಿಸಿ, ಅದನ್ನ ಮರದ ತುಂಡಿಗೆ ತಂತಿ ಸುತ್ತಿ ಕಟ್ಟಿ ಕೋವಿ ಮಾಡಿದ. ಕಿಡಿ ಹೊತ್ತಿಸೋ ವ್ಯವಸ್ಥೆ ಇರಲಿಲ್ಲ, ಡಬ್ಬಿಯಲ್ಲಿ ಕೆಂಡ ತಗೊಂಡು ಹೋಗಿ ತಮ್ಮ ಮ್ಯಾಟ್ ಕೈಯಲ್ಲಿ ಬೆಂಕಿ ಇಡಿಸಿದ. ಕಾಡುಕೋಳಿ ಬಿತ್ತು, ಮನೆಯಲ್ಲಿ ತಿಂಡಿಗೂ ಆಯ್ತು. ಅಪ್ಪ ಬೈಯಲಿಲ್ಲ. ಈ ವಯಸ್ಸಿಗೆ ಇದಕ್ಕಿಂತ ಚೆನ್ನಾಗಿ ಮಾಡಬಹುದಿತ್ತು ಅಂತ ಹೇಳಿದರಂತೆ. ನಮ್ಮ ವೈವಾದಲ್ಲಿ ಕೇಳಿಸಿಕೊಳ್ಳೋ ಮಾತಿನ ಥರಾನೇ ಇದೆ.

ಹದಿನೈದರ ಹೊತ್ತಿಗೆ ಶಾಲೆ ಮುಗೀತು. 1879ರಲ್ಲಿ ಮದುವೆ ಆಯ್ತು, ಅದೇ ವರ್ಷ ಅಪ್ಪ ತೀರಿಕೊಂಡರು, ಅದೇ ವರ್ಷ ಒಂದೇ ಗುಂಡಿನ ರೈಫಲ್‌ಗೆ ಮೊದಲ ಪೇಟೆಂಟ್ ಸಿಕ್ತು. ಅಣ್ಣತಮ್ಮಂದಿರು ಸೇರಿ ಓಗ್ಡನ್‌ನಲ್ಲೇ ಆ ರೈಫಲ್ ತಯಾರಿಸೋಕೆ ಶುರು ಮಾಡಿದರು. 1883ರಲ್ಲಿ ವಿಂಚೆಸ್ಟರ್ ಕಂಪನಿಯ ಬೆನೆಟ್ ರೈಲು ಹತ್ತಿ ಓಗ್ಡನ್‌ಗೇ ಬಂದು 8,000 ಡಾಲರ್‌ಗೆ ಅದರ ಹಕ್ಕು ಕೊಂಡರು. ಅಲ್ಲಿಂದ 19 ವರ್ಷ ಬ್ರೌನಿಂಗ್ ಡಿಸೈನ್ ಮಾಡೋದು, ವಿಂಚೆಸ್ಟರ್ ಒಂದೇ ಸಲಕ್ಕೆ ದುಡ್ಡು ಕೊಟ್ಟು ಕೊಂಡುಕೊಳ್ಳೋದು. ಕೊಂಡ ಎಷ್ಟೋ ಡಿಸೈನ್‌ಗಳನ್ನ ವಿಂಚೆಸ್ಟರ್ ತಯಾರಿಸಲೇ ಇಲ್ಲ. ಬೇರೆಯವರ ಕೈಗೆ ಸಿಗದಿದ್ದರೆ ಸಾಕು ಅಂತ ಕಪಾಟಿನಲ್ಲಿ ಇಟ್ಟುಬಿಟ್ಟಿತು.

ಜೊಂಡು ಬಾಗಿದ ದಿನ

1889ರಲ್ಲಿ ಒಂದು ದಿನ ಬ್ರೌನಿಂಗ್ ಸಹೋದರರು ಗುರಿ ಹೊಡೆಯೋ ಅಭ್ಯಾಸಕ್ಕೆ ಹೋಗಿದ್ದರು. ಪ್ರತಿ ಸಲ ಗುಂಡು ಹಾರಿದಾಗಲೂ ನಳಿಗೆಯ ಮುಂದಿದ್ದ ಜೊಂಡು ಹುಲ್ಲು ಬಾಗ್ತಿತ್ತು. ಎಲ್ಲರೂ ದಿನಾ ನೋಡೋ ದೃಶ್ಯವೇ ಅದು. ಬ್ರೌನಿಂಗ್ ತಲೆಯಲ್ಲಿ ಮಾತ್ರ ಬೇರೆ ಲೆಕ್ಕ ಓಡ್ತು: ಹುಲ್ಲು ಬಾಗಿಸೋ ಈ ಗ್ಯಾಸ್‌ನಲ್ಲಿ ಇಷ್ಟು ಶಕ್ತಿ ಇದ್ದರೆ, ಅದು ಸುಮ್ಮನೆ ಗಾಳಿಗೆ ಯಾಕೆ ಹೋಗಬೇಕು?

ತಕ್ಷಣ ಪ್ರಯೋಗ ಶುರುವಾಯ್ತು. 1873ರ ಮಾಡೆಲ್‌ನ ಒಂದು ವಿಂಚೆಸ್ಟರ್ ರೈಫಲ್ ತಗೊಂಡು, ನಳಿಗೆಯ ಬಾಯಿಯ ಮುಂದೆ ನಡುವೆ ತೂತಿರೋ ಒಂದು ರೆಕ್ಕೆಯನ್ನು ಕೂರಿಸಿದರು. ಗುಂಡು ತೂತಿನಿಂದ ಹೊರಗೆ ಹೋಗುತ್ತೆ, ಹಿಂದೆ ಬರೋ ಗ್ಯಾಸ್ ರೆಕ್ಕೆಯನ್ನು ತಳ್ಳುತ್ತೆ, ರೆಕ್ಕೆಗೆ ಜೋಡಿಸಿದ ಸರಳು ಕೋವಿಯ ಲಿವರನ್ನು ಎಳೆದು ಮುಂದಿನ ತೋಟವನ್ನ ಒಳಗೆ ಕೂರಿಸುತ್ತೆ. ಕೈಯಿಂದ ಮಾಡ್ತಿದ್ದ ಕೆಲಸವನ್ನ ವೇಸ್ಟ್ ಆಗ್ತಿದ್ದ ಗ್ಯಾಸ್ ಮಾಡ್ತು. ಮುಂದೆ ಬಾಯಿಯ ಹತ್ತಿರದ ರೆಕ್ಕೆ ಬಿಟ್ಟು ನಳಿಗೆಯ ಕೆಳಭಾಗದಲ್ಲೇ ತೂತು ಮಾಡಿ ಗ್ಯಾಸ್ ತೆಗೆಯೋ ವ್ಯವಸ್ಥೆ ಮಾಡಿದರು. ಅದೇ ಕೋಲ್ಟ್ ಕಂಪನಿಯ 1895ರ ಮಷೀನ್ ಗನ್. ಅದರ ಸರಳು ಕೆಳಗೆ ಬೀಸ್ತಿದ್ದ ರೀತಿ ನೋಡಿ ಸೈನಿಕರು ಆಲೂಗಡ್ಡೆ ಅಗೆಯೋ ಯಂತ್ರ ಅಂತ ಅಡ್ಡಹೆಸರಿಟ್ಟರು. ಥರ್ಮೋಡೈನಾಮಿಕ್ಸ್‌ನಲ್ಲಿ ಎಕ್ಸಾಸ್ಟ್‌ನಿಂದ ಕೆಲಸ ತೆಗೆಯೋ ಟರ್ಬೋಚಾರ್ಜರ್ ಓದ್ತೀವಲ್ಲ, ಇದೂ ಅದೇ ಜಾತಿಯ ಯೋಚನೆ.

ಹಿಂದೆ ಮುಂದೆ ಓಡಾಡೋ ನಳಿಗೆ

ಬ್ರೌನಿಂಗ್‌ಗೆ ತುಂಬಾ ಕಷ್ಟ ಕೊಟ್ಟ ಡಿಸೈನ್ ಅಂದ್ರೆ ತಾನೇ ಲೋಡ್ ಆಗೋ ಶಾಟ್‌ಗನ್. ರೈಫಲ್‌ನಲ್ಲಿ ಒಂದೇ ಗುಂಡು, ಶಾಟ್‌ಗನ್‌ನಲ್ಲಿ ಒಂದು ತೋಟದ ತುಂಬಾ ಚರೆಗಳು. ಆ ಕಾಲದ ತೋಟಗಳ ಮೈ ಕಾಗದದ್ದು, ತೇವ ಆದ್ರೆ ಊದಿಕೊಳ್ತಿತ್ತು. ಒಂದು ತೋಟ ಮೆಲ್ಲಗೆ ಒದೆಯುತ್ತೆ, ಇನ್ನೊಂದು ಜೋರಾಗಿ. ಎಲ್ಲದಕ್ಕೂ ಒಂದೇ ಮೆಕ್ಯಾನಿಸಂ ಕೆಲಸ ಮಾಡಬೇಕು.

ಬ್ರೌನಿಂಗ್ ಹುಡುಕಿದ ದಾರಿ ಇದು. ಈಡು ಹಾರಿದಾಗ ನಳಿಗೆ, ಬೋಲ್ಟ್ ಎರಡೂ ಒಂದಕ್ಕೊಂದು ಲಾಕ್ ಆಗಿಯೇ ಪೂರ್ತಿ ಹಿಂದಕ್ಕೆ ಬರುತ್ತವೆ. ಆಮೇಲೆ ನಳಿಗೆ ಒಂದೇ ಮುಂದೆ ಹೋಗುತ್ತೆ, ಆಗ ಖಾಲಿ ತೋಟ ಹೊರಗೆ. ಹಿಂದೆಯೇ ಬೋಲ್ಟ್ ಹೊಸ ತೋಟ ಹಿಡ್ಕೊಂಡು ಮುಂದೆ ಬರುತ್ತೆ. ಒದೆತ ಜೋರಾದ್ರೆ ಏನು ಮಾಡೋದು? ನಳಿಗೆಯ ಕೆಳಗಿನ ಮ್ಯಾಗಜಿನ್ ಕೊಳವೆಗೆ ಫ್ರಿಕ್ಷನ್ ರಿಂಗ್ ಹಾಕಿದರು. ಜೋರಾದ ತೋಟಕ್ಕೆ ರಿಂಗ್ ಒಂದು ರೀತಿ, ಮೆಲ್ಲಗಿನದಕ್ಕೆ ಇನ್ನೊಂದು ರೀತಿ ಜೋಡಿಸಿದ್ರೆ ಆಯ್ತು. ಬೈಕಿನ ಬ್ರೇಕ್ ಶೂ ಮಾಡೋ ಕೆಲಸವೇ.

ಈ ಸಲ ಮಾತ್ರ ಬ್ರೌನಿಂಗ್ ಒಂದೇ ಸಲದ ದುಡ್ಡಿಗೆ ಒಪ್ಪಲಿಲ್ಲ, ಪ್ರತಿ ಕೋವಿಗೂ ರಾಯಲ್ಟಿ ಕೇಳಿದರು. ಬೆನೆಟ್ ಒಪ್ಪಲಿಲ್ಲ. 19 ವರ್ಷದ ಸಂಬಂಧ ಅಲ್ಲಿಗೆ ಮುಗೀತು. 1902ರ ಜನವರಿ 8ರಂದು ರೆಮಿಂಗ್ಟನ್ ಕಂಪನಿಯ ಅಧ್ಯಕ್ಷ ಹಾರ್ಟ್ಲಿಯನ್ನು ನೋಡೋಕೆ ಹೋಗಿ ಕಾಯ್ತಾ ಕೂತಿದ್ದಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂನ ಹೆರ್ಸ್ಟಾಲ್‌ನಲ್ಲಿರೋ ಎಫ್‌ಎನ್ ಕಾರ್ಖಾನೆಗೆ ಹೋದರು. ಅಲ್ಲಿ ಒಪ್ಪಂದ ಆಯ್ತು. ಆಟೋ-5 ಅಂತ ಹೆಸರಾದ ಆ ಕೋವಿ ಸುಮಾರು 100 ವರ್ಷ ತಯಾರಾಯ್ತು. ರೆಮಿಂಗ್ಟನ್ ಕೂಡ ಆಮೇಲೆ ಹಕ್ಕು ಪಡೆದು ತಯಾರಿಸಿತು.

ಕೈಯಲ್ಲಿ ಹಿಡಿದು ಎಳೆಯೋ ನಳಿಗೆ

ಇಲ್ಲಿ ವಿಂಚೆಸ್ಟರ್ ಕಥೆ ಹೇಳಲೇಬೇಕು. ಕೈ ತಪ್ಪಿದ ಮಾರ್ಕೆಟ್ ಬೇಕು, ಆದ್ರೆ ಬ್ರೌನಿಂಗ್ ಪೇಟೆಂಟ್ ಮುಟ್ಟೋ ಹಾಗಿಲ್ಲ. ಬೋಲ್ಟ್ ಎಳೆಯೋ ಹಿಡಿಕೆ ಕೂಡ ಆ ಪೇಟೆಂಟ್ ಒಳಗೇ ಇತ್ತು. ಅದಕ್ಕೆ ಅವರ 1911ರ ಶಾಟ್‌ಗನ್‌ನಲ್ಲಿ ಹಿಡಿಕೆಯೇ ಇಲ್ಲ. ನಳಿಗೆಯ ಮೇಲೆ ಒರಟು ಗೀರು ಹಾಕಿ, ಅದನ್ನೇ ಹಿಡಿದು ಹಿಂದಕ್ಕೆ ಎಳೀಬೇಕು ಅಂತ ಮಾಡಿದರು. ಡ್ರಾಯಿಂಗ್ ಶೀಟ್ ಮೇಲೆ ಸರಿಯಾಗೇ ಇದೆ. ಆದ್ರೆ ಊದಿಕೊಂಡ ಕಾಗದದ ತೋಟ ಒಳಗೆ ಸಿಕ್ಕಿಕೊಂಡಾಗ ಜನ ಕೋವಿಯ ಹಿಂಭಾಗವನ್ನ ನೆಲಕ್ಕೆ ಊರಿ, ಎರಡೂ ಕೈಯಲ್ಲಿ ನಳಿಗೆಯನ್ನ ಕೆಳಕ್ಕೆ ಒತ್ತಿದರು. ನಳಿಗೆಯ ಬಾಯಿ ಎಲ್ಲಿರುತ್ತೆ ಯೋಚನೆ ಮಾಡಿ. ಮುಖದ ಎದುರಿಗೇ. ಆ ಕೋವಿಗೆ ವಿಧವೆಯರನ್ನು ಮಾಡೋ ಕೋವಿ ಅನ್ನೋ ಹೆಸರು ಅಂಟಿಕೊಂಡಿತು. ಇನ್ನೊಬ್ಬರ ಪೇಟೆಂಟ್ ತಪ್ಪಿಸೋಕೆ ಮಾಡಿದ ಒಂದು ಚಿಕ್ಕ ಬದಲಾವಣೆ ಅದು.

ಕತ್ತರಿಸಿದ ನಳಿಗೆ

ಈಗ ಪಬ್‌ಜಿಯ ಎಸ್1897ಕ್ಕೆ ವಾಪಸ್ ಬರೋಣ. ವಿಂಚೆಸ್ಟರ್‌ಗೆ ಬ್ರೌನಿಂಗ್ ಕೊಟ್ಟಿದ್ದ 1893ರ ಪಂಪ್ ಶಾಟ್‌ಗನ್ ಹೊಸ ಹೊಗೆರಹಿತ ಮದ್ದಿಗೆ ಸಾಲದಾಯ್ತು, ಅದನ್ನೇ ಗಟ್ಟಿ ಮಾಡಿದ್ದು 1897ರ ಮಾಡೆಲ್. ಬಾತುಕೋಳಿ ಬೇಟೆಗೆ ಉದ್ದ ನಳಿಗೆ, ಸಾಮಾನ್ಯವಾಗಿ 30 ಇಂಚು. ಹಾರೋ ಹಕ್ಕಿಯ ಹಿಂದೆ ಕೋವಿಯನ್ನ ಸಮವಾಗಿ ತಿರುಗಿಸೋಕೆ ಆ ಉದ್ದ, ಆ ತೂಕ ಅನುಕೂಲ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳೀತು. ಕಂದಕದ ಇಕ್ಕಟ್ಟಿನಲ್ಲಿ ಉದ್ದ ನಳಿಗೆ ತಿರುಗಿಸೋಕೇ ಆಗಲ್ಲ. ಅದಕ್ಕೆ ನಳಿಗೆಯನ್ನ 20 ಇಂಚಿಗೆ ಇಳಿಸಿದರು. ಬಿಸಿ ನಳಿಗೆ ಕೈ ಸುಡದಿರಲಿ ಅಂತ ಮೇಲೆ ತೂತು ತೂತಿನ ಉಕ್ಕಿನ ಹೊದಿಕೆ, ತುದಿಗೆ ಬಯೊನೆಟ್ ಸಿಕ್ಕಿಸೋ ಜಾಗ. ಮದ್ದಿನ ಒತ್ತಡದ ಹೆಚ್ಚಿನ ಕೆಲಸ ನಳಿಗೆಯ ಮೊದಲ ಭಾಗದಲ್ಲೇ ಮುಗಿಯೋದ್ರಿಂದ ವೇಗ ಬಹಳ ಏನೂ ಕಡಿಮೆ ಆಗಲ್ಲ. ಚರೆ ಎಷ್ಟು ಹರಡುತ್ತೆ ಅನ್ನೋದನ್ನ ಉದ್ದಕ್ಕಿಂತ ಹೆಚ್ಚಾಗಿ ನಿರ್ಧರಿಸೋದು ತುದಿಯಲ್ಲಿರೋ ಚೋಕ್ ಅನ್ನೋ ಕಿರಿದಾದ ಭಾಗ. ಹಾಗಾಗಿ ಸಿನಿಮಾದಲ್ಲಿ ತೋರಿಸೋ ಹಾಗೆ ಗಿಡ್ಡ ನಳಿಗೆಯ ಒಂದೇ ಈಡಿಗೆ ರೂಮೆಲ್ಲ ಗುಡಿಸಿ ಹೋಗಲ್ಲ.

ಈ ಬದಲಾವಣೆ ಬ್ರೌನಿಂಗ್ ಮಾಡಿದ್ದಲ್ಲ. ಆದ್ರೆ ಒಳಗಿನ ಮೆಕ್ಯಾನಿಸಂ ಅವರದ್ದೇ. ಅದರಲ್ಲಿ ಟ್ರಿಗರ್ ಒತ್ತಿ ಹಿಡಿದು ಪಂಪ್ ಮಾಡ್ತಾ ಹೋದ್ರೆ ಪ್ರತಿ ಪಂಪಿಗೂ ಈಡು ಹಾರುತ್ತೆ. ಕೆರೆ ದಂಡೆಯಲ್ಲಿ ಯಾರೂ ಗಮನಿಸದ ಈ ಗುಣ ಕಂದಕದಲ್ಲಿ ಭಯಂಕರ ಆಯ್ತು. 1918ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಇದು ಅನಗತ್ಯ ಯಾತನೆ ಕೊಡೋ ಆಯುಧ ಅಂತ ಅಧಿಕೃತವಾಗಿ ಪ್ರತಿಭಟಿಸಿತು. ಅಮೆರಿಕ ಅದನ್ನ ತಳ್ಳಿಹಾಕಿತು. ಅದಕ್ಕೂ ಮೊದಲು, 1914ರಲ್ಲಿ ಸರಾಯೆವೊದಲ್ಲಿ ಗವ್ರಿಲೊ ಪ್ರಿನ್ಸಿಪ್ ಕೈಯಲ್ಲಿದ್ದದ್ದೂ ಬ್ರೌನಿಂಗ್ ಡಿಸೈನ್ ಮಾಡಿದ ಪಿಸ್ತೂಲೇ.

ಅಮೆರಿಕದಲ್ಲಿ ಮನೆ ಕಾವಲಿಗೆ ಇಟ್ಕೊಳ್ಳೋ ಶಾಟ್‌ಗನ್‌ಗಳ ನಳಿಗೆ ಇವತ್ತಿಗೂ 18ರಿಂದ 20 ಇಂಚಿನ ಆಸುಪಾಸಿನಲ್ಲೇ ಇರುತ್ತೆ. ಬಾಗಿಲು, ಪ್ಯಾಸೇಜ್‌ಗಳಲ್ಲಿ ತಿರುಗಿಸೋಕೆ ಅನುಕೂಲ ಅಂತ. ಆದ್ರೆ ಗಿಡ್ಡ ಆದಷ್ಟೂ ಬಟ್ಟೆಯೊಳಗೆ ಬಚ್ಚಿಡೋದೂ ಸುಲಭ. ಅದಕ್ಕೇ 1934ರಿಂದ ಅಲ್ಲಿ 18 ಇಂಚಿಗಿಂತ ಗಿಡ್ಡ ನಳಿಗೆಗೆ ನೋಂದಣಿ ಬೇಕು. ನಮ್ಮಲ್ಲಿ 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಇನ್ನೂ ನೇರ: ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ಯಾರೂ ನಳಿಗೆ ಗಿಡ್ಡ ಮಾಡೋ ಹಾಗಿಲ್ಲ. ಮಲೆನಾಡಿನ ತೋಟದ ಮನೆಯಲ್ಲಿ ಗೋಡೆಗೆ ನೇತಾಡೋ ಜೋಡುನಳಿಗೆ ಕೋವಿಗೂ ಇದೇ ಕಾನೂನು.

ಒಂದರ ಮೇಲೊಂದು

ಯುದ್ಧದ ಹೊತ್ತಿಗೆ ಬ್ರೌನಿಂಗ್ ತಮ್ಮ ಡಿಸೈನ್‌ಗಳ ಹಕ್ಕನ್ನ ಅಮೆರಿಕ ಸರ್ಕಾರಕ್ಕೆ 7,50,000 ಡಾಲರ್‌ಗೆ ಬಿಟ್ಟುಕೊಟ್ಟರು. ರಾಯಲ್ಟಿ ಲೆಕ್ಕದಲ್ಲಿ ಬರಬೇಕಿದ್ದದ್ದು ಇದರ ಎಷ್ಟೋ ಪಟ್ಟು. ರಾಯಲ್ಟಿಗಾಗಿ ವಿಂಚೆಸ್ಟರ್ ಬಿಟ್ಟು ಬಂದ ಮನುಷ್ಯ ಇಲ್ಲಿ ಚೌಕಾಸಿ ಮಾಡಲಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಮಾಡ್ತಿದ್ದದ್ದು ಮತ್ತೆ ಬೇಟೆಯ ಕೋವಿ: ಎರಡು ನಳಿಗೆ, ಪಕ್ಕಪಕ್ಕ ಅಲ್ಲ, ಒಂದರ ಮೇಲೊಂದು. ಗುರಿ ನೋಡೋಕೆ ಒಂದೇ ಗೆರೆ ಸಿಗುತ್ತೆ ಅನ್ನೋದು ಅದರ ಲಾಭ. 1926ರ ನವೆಂಬರ್ 26ರಂದು, 71ನೇ ವಯಸ್ಸಿನಲ್ಲಿ, ಹೆರ್ಸ್ಟಾಲ್‌ನ ಕಾರ್ಖಾನೆಯಲ್ಲೇ ಹೃದಯ ನಿಂತು ತೀರಿಕೊಂಡರು. ಎರಡೂ ನಳಿಗೆಗೆ ಒಂದೇ ಟ್ರಿಗರ್ ಸಾಕಾಗೋ ಹಾಗೆ ಮಾಡೋ ಕೆಲಸವನ್ನ ಮಗ ವ್ಯಾಲ್ ಮುಗಿಸಿದರು.

ಫಸ್ಟ್ ಇಯರ್‌ನಲ್ಲಿ ಡಿಸೈನ್ ಥಿಂಕಿಂಗ್ ಓದುವಾಗ ನಾವೆಲ್ಲ ಯೂಸರ್ ಯಾರು ಅಂತ ಒಂದು ಕಾಲಂ ತುಂಬಿಸಿದ್ವಿ. ಬ್ರೌನಿಂಗ್ ಆ ಕಾಲಂನಲ್ಲಿ ಬಾತುಕೋಳಿ ಬೇಟೆಗಾರ ಅಂತ ಬರೀತಿದ್ದರೇನೋ. ಕಂದಕದಲ್ಲಿ ನಿಂತ ಹುಡುಗ ಅದರಲ್ಲಿ ಇರ್ತಿರಲಿಲ್ಲ, ಊದಿದ ತೋಟ ಬಿಡಿಸೋಕೆ ನಳಿಗೆ ಒತ್ತಿದ ರೈತ ವಿಂಚೆಸ್ಟರ್‌ನವರ ಕಾಲಂನಲ್ಲೂ ಇರಲಿಲ್ಲ. ಈ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಆ ಕಾಲಂ ತುಂಬಿಸುವಾಗ ಇನ್ನೆರಡು ಸಾಲು ಜಾಗ ಬಿಡೋಣ. ಅದನ್ನ ಅವಸರದಲ್ಲಿ ಬಳಸೋರಿಗೆ ಒಂದು, ಕತ್ತರಿಸಿ ಬೇರೆಯದಕ್ಕೆ ಬಳಸೋರಿಗೆ ಇನ್ನೊಂದು.