ಕುದುರೆ ಎಣಿಸಿದ ಜೇಮ್ಸ್ ವ್ಯಾಟ್: ಹಾರ್ಸ್‌ಪವರ್ ಹೆಚ್ಚಿದ್ದರೆ ಗಾಡಿ ಹೆಚ್ಚು ಭಾರ ಎಳೆಯುತ್ತದೆಯೇ?

ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ಕಡೆಗೋ ಬೆಳಗಾವಿಯ ಕಡೆಗೋ ಹೋದವರು ಇದನ್ನು ನೋಡಿಯೇ ಇರುತ್ತೀರಿ. 45 ಹಾರ್ಸ್‌ಪವರ್‌ನ ಟ್ರ್ಯಾಕ್ಟರ್ ಒಂದು, ಎರಡು ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ನಿಧಾನವಾಗಿ ಸಾಗುತ್ತಿರುತ್ತದೆ. ಅದರ ಹಿಂದೆ ದಾರಿಗಾಗಿ ಹಾರ್ನ್ ಹೊಡೆಯುತ್ತಿರುವ ಸಣ್ಣ ಕಾರಿನ ಎಂಜಿನ್ 85–90 ಹಾರ್ಸ್‌ಪವರ್‌ನದು. ಲೆಕ್ಕಕ್ಕೆ ಕಾರಿನಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಕುದುರೆಗಳಿವೆ. ಹಾಗಾದರೆ ಆ ಟ್ರೇಲರ್‌ಗಳನ್ನು ಕಾರಿಗೆ ಕಟ್ಟಿದರೆ? ಕ್ಲಚ್ ಸುಟ್ಟ ವಾಸನೆ ಬರುತ್ತದೆಯೇ ಹೊರತು ಕಬ್ಬು ಕಾರ್ಖಾನೆ ತಲುಪುವುದಿಲ್ಲ.

ಹಾರ್ಸ್‌ಪವರ್ ಜಾಸ್ತಿಯಾದಷ್ಟೂ ಎಳೆಯುವ ಬಲ ಜಾಸ್ತಿ ಎಂಬ ನಂಬಿಕೆ ಎಲ್ಲಿ ಎಡವುತ್ತದೆ? ಇದನ್ನು ತಿಳಿಯಲು ಆ ಅಳತೆಯನ್ನು ನಿಗದಿ ಮಾಡಿದ ಜೇಮ್ಸ್ ವ್ಯಾಟ್ ಅವರ ಬದುಕನ್ನು ನೋಡುವುದೇ ಸುಲಭದ ದಾರಿ.

ವ್ಯಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಬಂದರು ಊರಾದ ಗ್ರೀನಕ್‌ನಲ್ಲಿ. ತಂದೆ ಹಡಗಿನ ಕೆಲಸ ಮತ್ತು ವ್ಯಾಪಾರದಲ್ಲಿದ್ದವರು. ಹುಡುಗನಿಗೆ ಆರೋಗ್ಯ ಅಷ್ಟಕ್ಕಷ್ಟೇ, ಹಾಗಾಗಿ ಓದು ಬಹುಪಾಲು ಮನೆಯಲ್ಲೇ ನಡೆಯಿತು. ಒಲೆಯ ಮೇಲಿನ ಕೆಟಲ್‌ನ ಮುಚ್ಚಳ ಕುಣಿಯುವುದನ್ನು ನೋಡಿ ಅವರು ಹಬೆ ಯಂತ್ರ ಕಂಡುಹಿಡಿದರು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಥಾಮಸ್ ನ್ಯೂಕಮೆನ್ ಅವರ ಹಬೆ ಯಂತ್ರ 1712ರಲ್ಲೇ, ಅಂದರೆ ವ್ಯಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ, ಗಣಿಯ ನೀರನ್ನು ಮೇಲೆತ್ತುತ್ತಿತ್ತು.

ವ್ಯಾಟ್ ಅವರ ಕಸುಬು ಅಳತೆಯ ಉಪಕರಣಗಳನ್ನು ತಯಾರಿಸುವುದು. ಲಂಡನ್ನಿನಲ್ಲಿ ಒಂದು ವರ್ಷ ಕೆಲಸ ಕಲಿತು ಬಂದ ಅವರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಆವರಣದಲ್ಲೇ ಅಂಗಡಿಗೆ ಜಾಗ ಕೊಟ್ಟಿತು. 1763ರಲ್ಲಿ ಅಲ್ಲಿಗೆ ನ್ಯೂಕಮೆನ್ ಯಂತ್ರದ ಪುಟ್ಟ ಮಾದರಿಯೊಂದು ರಿಪೇರಿಗೆ ಬಂತು. ಪ್ರತಿ ಸಲವೂ ಸಿಲಿಂಡರನ್ನು ಕಾಯಿಸಿ, ಮತ್ತೆ ತಣಿಸುವುದರಲ್ಲೇ ಹಬೆಯ ಬಹುಪಾಲು ವ್ಯರ್ಥವಾಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಹಬೆಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿರುತ್ತದೆ ಎಂಬ ಉಪಾಯ 1765ರಲ್ಲಿ ಹೊಳೆಯಿತು. ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಮುಂದಿನ ವರ್ಷಗಳು ಕಷ್ಟದವು. 1773ರಲ್ಲಿ ಹಣ ಹೂಡಿದ್ದ ಪಾಲುದಾರ ದಿವಾಳಿಯಾದರು, ಅದೇ ವರ್ಷ ಪತ್ನಿ ಮಾರ್ಗರೆಟ್ ತೀರಿಕೊಂಡರು. ಮರುವರ್ಷ ವ್ಯಾಟ್ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಜೊತೆ ಸೇರಿದ ಮೇಲೆಯೇ ಯಂತ್ರಗಳು ನಿಜವಾಗಿ ಓಡತೊಡಗಿದ್ದು.

ಈಗ ಕುದುರೆಯ ವಿಷಯಕ್ಕೆ ಬರೋಣ. ಗಣಿಗಳಿಂದ ವ್ಯಾಟ್–ಬೌಲ್ಟನ್ ಹಣ ಪಡೆಯುತ್ತಿದ್ದ ರೀತಿ ಸರಳವಾಗಿತ್ತು: ಹಳೆಯ ನ್ಯೂಕಮೆನ್ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೇ ಒಂದು ಭಾಗ. ಆದರೆ ಹಿಟ್ಟಿನ ಗಿರಣಿ, ಬಿಯರ್ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಕುದುರೆಗಳು. ನಮ್ಮ ಗಾಣದ ಎತ್ತಿನಂತೆ ಅವು ದಿನವಿಡೀ ಸುತ್ತು ಹಾಕುತ್ತಿದ್ದವು. ಅಲ್ಲಿ ಉಳಿಸಲು ಕಲ್ಲಿದ್ದಲೇ ಇರಲಿಲ್ಲ! ಈ ಯಂತ್ರ ಎಷ್ಟು ಕುದುರೆಗೆ ಸಮ ಎಂದು ಗಿರಣಿಯವರಿಗೆ ಹೇಳಲೇಬೇಕಾಯಿತು. ಕುದುರೆಗೆ ಹೋಲಿಸುವ ಉಪಾಯ ಹೊಸದೇನಲ್ಲ, ಥಾಮಸ್ ಸೇವರಿ 1702ರಲ್ಲೇ ಹಾಗೆ ಬರೆದಿದ್ದರು. ವ್ಯಾಟ್ ಅದಕ್ಕೆ ಖಚಿತ ಅಂಕಿ ಕೊಟ್ಟರು. ಸಂವಹನ ಓದಿದ ನನಗೆ ಇದು ವಿಜ್ಞಾನದಷ್ಟೇ ಒಳ್ಳೆಯ ಜಾಹೀರಾತಾಗಿಯೂ ಕಾಣುತ್ತದೆ.

1780ರ ದಶಕದ ಆರಂಭದಲ್ಲಿ ಅವರು ಹಾಕಿದ ಲೆಕ್ಕ ಹೀಗಿದೆ. ಗಿರಣಿಯ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು, ಅಂದರೆ ನಿಮಿಷಕ್ಕೆ 2.4 ಸುತ್ತು ಹಾಕುತ್ತದೆ. ಎಳೆಯುವ ಬಲ 180 ಪೌಂಡ್. ಇವನ್ನು ಗುಣಿಸಿದರೆ ನಿಮಿಷಕ್ಕೆ ಸುಮಾರು 32,600 ಅಡಿ-ಪೌಂಡ್. ಅದನ್ನು 33,000ಕ್ಕೆ ಏರಿಸಿ ಒಂದು ಹಾರ್ಸ್‌ಪವರ್ ಎಂದರು. ದಿನಪೂರ್ತಿ ದುಡಿಯುವ ಸಾಮಾನ್ಯ ಕುದುರೆಗೆ ಇದು ಹೆಚ್ಚೇ. ಆದರೆ ಕೆಲವು ಕ್ಷಣಗಳ ಮಟ್ಟಿಗೆ ಕುದುರೆಯೊಂದು ಸುಮಾರು 15 ಹಾರ್ಸ್‌ಪವರ್ ತೋರಿಸಬಲ್ಲದು.

ಈ ಲೆಕ್ಕದಲ್ಲಿ ಎರಡು ಸಂಗತಿಗಳಿವೆ. 180 ಪೌಂಡ್ ಬಲವನ್ನು 12 ಅಡಿ ಉದ್ದದ ಮರದ ತುದಿಯಲ್ಲಿ ಹಾಕಿದಾಗ ನಡುವಿನ ಕಂಬಕ್ಕೆ ಸಿಗುವ ತಿರುಗಿಸುವ ಬಲವೇ ಟಾರ್ಕ್. ಇಂದಿನ ಅಳತೆಯಲ್ಲಿ ಅದು ಸುಮಾರು 2,900 ನ್ಯೂಟನ್ ಮೀಟರ್. ನಿಮ್ಮ ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಕೊಡುವುದು 110ರ ಆಸುಪಾಸು! ಟಾರ್ಕ್ ಒಂದನ್ನೇ ನೋಡಿದರೆ ಒಂದು ಕುದುರೆ 25ಕ್ಕೂ ಹೆಚ್ಚು ಕಾರುಗಳನ್ನು ಸೋಲಿಸುತ್ತದೆ. ಆದರೆ ಕುದುರೆ ತಿರುಗುವುದು ನಿಮಿಷಕ್ಕೆ 2.4 ಸುತ್ತು, ಎಂಜಿನ್ 4,000 ಸುತ್ತು. ಟಾರ್ಕನ್ನು ವೇಗದಿಂದ ಗುಣಿಸಿದಾಗ ಸಿಗುವುದೇ ಹಾರ್ಸ್‌ಪವರ್. ಹಾಗೆ ಲೆಕ್ಕ ಹಾಕಿದರೆ ಆ ಎಂಜಿನ್ 62 ಕುದುರೆಗಳಿಗೆ ಸಮ.

ಈ ಎರಡರ ನಡುವೆ ಅದಲುಬದಲು ಮಾಡಿಕೊಡುವುದೇ ಗೇರ್. ಅದೂ ವ್ಯಾಟ್ ಅವರ ಬದುಕಿನಲ್ಲಿದೆ. ಪಿಸ್ಟನ್ನಿನ ಮೇಲೆ-ಕೆಳಗಿನ ಚಲನೆಯಿಂದ ಚಕ್ರ ತಿರುಗಿಸಲು ಸರಳ ದಾರಿ ಕ್ರ್ಯಾಂಕ್. ಆದರೆ 1780ರಲ್ಲಿ ಜೇಮ್ಸ್ ಪಿಕಾರ್ಡ್ ಅದಕ್ಕೆ ಪೇಟೆಂಟ್ ಪಡೆದುಬಿಟ್ಟಿದ್ದರು. ಅದನ್ನು ತಪ್ಪಿಸಿಕೊಳ್ಳಲು ವ್ಯಾಟ್ 1781ರಲ್ಲಿ ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ಸುತ್ತುವ, ಸೂರ್ಯ-ಗ್ರಹದಂಥ ಗೇರಿಗೆ ಪೇಟೆಂಟ್ ಪಡೆದರು. ಎರಡರ ಹಲ್ಲುಗಳ ಸಂಖ್ಯೆ ಒಂದೇ ಆದಾಗ ಪಿಸ್ಟನ್ ಒಮ್ಮೆ ಮೇಲೆ-ಕೆಳಗೆ ಹೋಗಿ ಬರುವಷ್ಟರಲ್ಲಿ ದಂಡ ಎರಡು ಸುತ್ತು ತಿರುಗುತ್ತಿತ್ತು. ವೇಗ ದುಪ್ಪಟ್ಟು, ಟಾರ್ಕ್ ಅರ್ಧ, ಹಾರ್ಸ್‌ಪವರ್ ಅಷ್ಟೇ.

ಟ್ರ್ಯಾಕ್ಟರ್ ಮಾಡುವುದು ಇದರ ತದ್ವಿರುದ್ಧ. ಅದರ ತೀರ ಕೆಳಗಿನ ಗೇರಿನಲ್ಲಿ ಎಂಜಿನ್ ನೂರಕ್ಕೂ ಹೆಚ್ಚು ಸುತ್ತು ಹಾಕಿದರೆ ಹಿಂದಿನ ಚಕ್ರ ಒಂದೇ ಸುತ್ತು. ಘರ್ಷಣೆಯಲ್ಲಿ ಹೋಗುವುದನ್ನು ಬಿಟ್ಟರೆ ಟಾರ್ಕ್ ಅಷ್ಟೇ ಪಟ್ಟು ಏರುತ್ತದೆ. ಕಾರಿನ ಮೊದಲ ಗೇರಿನಲ್ಲಿ ಇದು ಹೆಚ್ಚೆಂದರೆ 15 ಪಟ್ಟು. ಹಾಗಾದರೆ ಹಾರ್ಸ್‌ಪವರ್ ಬೇಡವೇ? ಬೇಕು. ಅದೇ ಭಾರವನ್ನು ಘಾಟಿ ರಸ್ತೆಯಲ್ಲಿ ಎಷ್ಟು ಬೇಗ ಹತ್ತಿಸಬಹುದು ಎಂಬುದನ್ನು ಹೇಳುವುದು ಅದೇ.

ವಿಚಿತ್ರವೆಂದರೆ ವಾಹನಗಳ ಈ ಅಳತೆ ಕೊಟ್ಟ ವ್ಯಾಟ್‌ಗೆ ಹಬೆಯ ಗಾಡಿಯಲ್ಲಿ ಆಸಕ್ತಿಯಿರಲಿಲ್ಲ. ಅವರ ನೌಕರ ವಿಲಿಯಂ ಮರ್ಡಾಕ್ 1784ರಲ್ಲಿ ಅಂಥ ಪುಟ್ಟ ಗಾಡಿಯೊಂದನ್ನು ಮಾಡಿ ಓಡಿಸಿದರೂ ವ್ಯಾಟ್ ಪ್ರೋತ್ಸಾಹ ಕೊಡಲಿಲ್ಲ. ಹೆಚ್ಚು ಒತ್ತಡದ ಹಬೆ ಅಪಾಯ ಎಂಬುದು ಅವರ ಗಟ್ಟಿ ಅಭಿಪ್ರಾಯ. ಬಾಯ್ಲರ್‌ಗಳು ಸಿಡಿಯುತ್ತಿದ್ದ ಕಾಲದಲ್ಲಿ ಅದು ಬರೀ ಹಠವಲ್ಲ, ಆದರೂ ಪೇಟೆಂಟಿನ ಬಲದಿಂದ ಬೇರೆಯವರನ್ನು ತಡೆದದ್ದೂ ನಿಜ.

ಪೇಟೆಂಟ್ 1800ರಲ್ಲಿ ಮುಗಿಯಿತು. 1804ರ ಫೆಬ್ರುವರಿ 21ರಂದು ವೇಲ್ಸ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಅವರ ಹೆಚ್ಚು ಒತ್ತಡದ ಎಂಜಿನ್ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಹಳಿಯ ಮೇಲೆ ಎಳೆಯಿತು. ಸುಮಾರು 15 ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಿತು, ನಡೆದು ಹೋಗುವವರೇ ಮುಂದೆ. ಅಲ್ಲಿ ಇನ್ನೊಂದು ಸಂಗತಿಯೂ ಕಾಣಿಸಿತು: ಎಂಜಿನ್ನಿನ ತೂಕಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿದವು. ಆದರೆ ಚಕ್ರ ಜಾರದೆ ಹಿಡಿತ ಸಿಗಲು ತೂಕ ಬೇಕೇ ಬೇಕು. ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಕಬ್ಬಿಣದ ತೂಕ ಕಟ್ಟುವುದು, ಟೈರಿಗೆ ನೀರು ತುಂಬಿಸುವುದು ಇದಕ್ಕಾಗಿಯೇ. ಹಿಡಿತ ಇಲ್ಲದಿದ್ದರೆ ಎಷ್ಟು ಟಾರ್ಕ್ ಇದ್ದರೂ ಚಕ್ರ ಅಲ್ಲೇ ಗಿರಗಿರ ತಿರುಗುತ್ತದೆ.

ವ್ಯಾಟ್ 1819ರ ಆಗಸ್ಟ್ 25ರಂದು ಬರ್ಮಿಂಗ್‌ಹ್ಯಾಮ್ ಬಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. 1882ರಲ್ಲಿ ವಿಲಿಯಂ ಸೀಮೆನ್ಸ್ ಅವರ ಸಲಹೆಯಂತೆ ಶಕ್ತಿಯ ಹೊಸ ಅಳತೆಗೆ ವ್ಯಾಟ್ ಎಂದೇ ಹೆಸರಿಟ್ಟರು. ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟ್. ಕಬ್ಬು ಎಳೆಯುವ ಆ ಟ್ರ್ಯಾಕ್ಟರಿನದು ಹೆಚ್ಚುಕಡಿಮೆ 33.5 ಕಿಲೋವ್ಯಾಟ್.