ಡಾಕ್ಟರ್ ಎಂ. ಸಿ. ಮೋದಿ

ರಾಮನಗರದಲ್ಲಿ ಬಿಸಿನೀರಿನೊಳಗಿನ ರೇಷ್ಮೆಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯುವ ಕೆಲಸಗಾರನಿಗೂ, ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಬಣ್ಣವನ್ನು ಹಿಡಿದು ಗೊಂಬೆ ಮಾಡುವ ಕುಶಲಕರ್ಮಿಗೂ ಕೈಯಷ್ಟೇ ಕಣ್ಣೂ ಬಂಡವಾಳ. ಕನಕಪುರ, ಮಾಗಡಿಗಳ ಹೊಲಗಳಲ್ಲಿ ರಾಗಿಯ ಪೈರಿನ ನಡುವಿನಿಂದ ಕಳೆಯನ್ನು ಆರಿಸಿ ಕೀಳುವ ರೈತ ಮಹಿಳೆಯ ಪಾಡೂ ಅದೇ. ಇಂಥವರ ದೃಷ್ಟಿ ಮಂದವಾದರೆ ಮನೆಯ ಅನ್ನಕ್ಕೇ ಕುಂದು. ಆದರೂ ಒಂದು ಕಾಲದಲ್ಲಿ ನಮ್ಮ ಹಳ್ಳಿಗರು ಮುಪ್ಪಿನೊಡನೆ ಕುರುಡೂ ಬರುವುದು ಹಣೆಬರಹವೆಂದು ತಿಳಿದು ಮೂಲೆ ಹಿಡಿಯುತ್ತಿದ್ದರು. ಈ ಊರುಗಳಿಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಬಹಳ ದೂರವೇನೂ ಅಲ್ಲ. ಆದರೆ ಕಣ್ಣು ಕಾಣದವರನ್ನು ಕೈಹಿಡಿದು ಕರೆದೊಯ್ಯಲು ಮನೆಯ ಮತ್ತೊಬ್ಬರು ಕೂಲಿ ಬಿಡಬೇಕು. ಅಲ್ಲಿಯೇ ಎಷ್ಟೋ ಪಯಣಗಳು ನಿಂತುಹೋಗುತ್ತಿದ್ದವು. ಆಸ್ಪತ್ರೆಯೇ ಇಲ್ಲದ ದೂರದ ಸೀಮೆಗಳವರ ಸ್ಥಿತಿಯನ್ನು ಹೇಳಬೇಕಾಗಿಲ್ಲ. ರೋಗಿ ವೈದ್ಯನಲ್ಲಿಗೆ ಬರಲಾರದಿದ್ದರೆ ವೈದ್ಯನೇ ರೋಗಿಯಿದ್ದಲ್ಲಿಗೆ ಹೋಗಬೇಕೆಂಬುದನ್ನು ತಮ್ಮ ಬಾಳಿನ ವ್ರತವಾಗಿಸಿಕೊಂಡವರು ಡಾಕ್ಟರ್ ಮುರುಗಪ್ಪ ಚನ್ನವೀರಪ್ಪ ಮೋದಿಯವರು.

ಮೋದಿಯವರು ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. ಊರು ಅಂದಿನ ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿ. ಇಂದು ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಬಿಸಿಲು, ಧೂಳು, ಬರಗಾಲಗಳ ಆ ನಾಡಿನಲ್ಲಿ ಕಣ್ಣಿನ ಬೇನೆ ಅಪರೂಪವಾಗಿರಲಿಲ್ಲ. ವೈದ್ಯಶಿಕ್ಷಣವನ್ನು ಪಡೆದ ಅವರು ನೇತ್ರಚಿಕಿತ್ಸೆಯನ್ನು ಆರಿಸಿಕೊಂಡರು. ನಗರದಲ್ಲಿ ನೆಲೆನಿಂತು ಹಣವನ್ನೂ ಹೆಸರನ್ನೂ ಗಳಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಅವರು ಆ ದಾರಿಯನ್ನು ಬಿಟ್ಟು, 1943ರಿಂದ ಊರೂರಿಗೆ ಹೋಗಿ ಉಚಿತವಾಗಿ ಸಾಮೂಹಿಕ ನೇತ್ರಚಿಕಿತ್ಸೆಯನ್ನು ಮಾಡತೊಡಗಿದರು.

ಅಂದಿನ ನೇತ್ರಶಿಬಿರಗಳ ಸ್ವರೂಪವನ್ನು ಇಂದಿನವರು ಊಹಿಸಿಕೊಳ್ಳುವುದು ಸುಲಭವಲ್ಲ. ಶಾಲೆಯೋ ಛತ್ರವೋ ಕೆಲವು ದಿನಗಳ ಮಟ್ಟಿಗೆ ಆಸ್ಪತ್ರೆಯಾಗುತ್ತಿತ್ತು. ಊರಿನ ಹಿರಿಯರು ಅನ್ನದ ವ್ಯವಸ್ಥೆ ಮಾಡಿದರೆ ತರುಣರು ಸ್ವಯಂಸೇವಕರಾಗುತ್ತಿದ್ದರು. ಸುತ್ತಲ ಹಳ್ಳಿಗಳಿಂದ ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟು ವೃದ್ಧರು ಬರುತ್ತಿದ್ದರು. ಮೊದಲ ಕೆಲಸವೆಂದರೆ ಪರೀಕ್ಷೆ. ಪ್ರತಿಯೊಬ್ಬರ ಕಣ್ಣಿಗೂ ಬೆಳಕು ಹಿಡಿದು ನೋಡಬೇಕು. ಓದುಬರಹ ಬಾರದವರಿಗೆ ಇಂಗ್ಲಿಷಿನ ‘ಇ’ ಅಕ್ಷರದ ಆಕೃತಿಯನ್ನು ನಾನಾ ದಿಕ್ಕುಗಳಿಗೆ ತಿರುಗಿಸಿ ಬರೆದ ಪಟವನ್ನು ತೋರಿಸಿ, ಅದರ ಕಾಲುಗಳು ಯಾವ ಕಡೆಗಿವೆಯೆಂದು ಬೆರಳಿನಿಂದ ಸೂಚಿಸುವಂತೆ ಹೇಳುವ ಪದ್ಧತಿಯುಂಟು. ಕೆಲವರಿಗೆ ಕನ್ನಡಕ ಸಾಕು, ಕೆಲವರಿಗೆ ಔಷಧ. ಪೊರೆ ಬಲಿತವರನ್ನು ಮಾತ್ರ ಶಸ್ತ್ರಚಿಕಿತ್ಸೆಗೆ ಆರಿಸಲಾಗುತ್ತಿತ್ತು. ಮಬ್ಬಾದ ಮಸೂರವನ್ನು ಹೊರತೆಗೆದು ಕಣ್ಣಿಗೆ ಪಟ್ಟಿ ಕಟ್ಟಿದರೆ, ರೋಗಿ ಹಲವು ದಿನ ತಲೆಯಲುಗಿಸದೆ ಮಲಗಿರಬೇಕಾಗಿತ್ತು. ಕೃತಕ ಮಸೂರವನ್ನು ಕಣ್ಣೊಳಗೆ ಕೂರಿಸುವ ಪದ್ಧತಿ ಆಗ ಹಳ್ಳಿಗಳಿಗೆ ಬಂದಿರಲಿಲ್ಲ; ದಪ್ಪ ಗಾಜಿನ ಕನ್ನಡಕವೇ ಗತಿ. ಆ ಕನ್ನಡಕದಲ್ಲಿ ಲೋಕ ತುಸು ದೊಡ್ಡದಾಗಿಯೂ ಡೊಂಕಾಗಿಯೂ ಕಾಣುತ್ತಿತ್ತು. ಕಂಡರೆ ಸಾಕೆನ್ನುತ್ತಿದ್ದವರಿಗೆ ಅದೊಂದು ಕೊರತೆಯಾಗಿ ತೋರಲಿಲ್ಲ.

ಮೋದಿಯವರ ಕೈಚಳಕವನ್ನು ಕುರಿತು ಜನ ಬೆರಗಾಗಿ ಮಾತನಾಡುತ್ತಿದ್ದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದವರೆಂದು ಗಿನ್ನೆಸ್ ದಾಖಲೆಗಳ ಪುಸ್ತಕ ಅವರ ಹೆಸರನ್ನು ಸೇರಿಸಿಕೊಂಡಿತು. ಭಾರತ ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಅವರನ್ನು ಗೌರವಿಸಿತು. ಆದರೆ 833 ಎಂಬ ಸಂಖ್ಯೆಗಿಂತ ಹೆಚ್ಚು ಮನನೀಯವಾದ ಲೆಕ್ಕವೊಂದು ಅದೇ ಪುಸ್ತಕದಲ್ಲಿದೆ. 1993ರ ಫೆಬ್ರವರಿಯವರೆಗೆ ಮೋದಿಯವರ ಸೇವೆ 46,120 ಹಳ್ಳಿಗಳಿಗೆ ಸಂದಿತ್ತು, ಅವರು ಕಂಡ ರೋಗಿಗಳು 1,21,18,630, ಶಸ್ತ್ರಚಿಕಿತ್ಸೆಗಳು 6,10,564. ಎಂದರೆ, ಸುಮಾರು ಇಪ್ಪತ್ತು ಮಂದಿಯನ್ನು ಕಂಡರೆ ಕತ್ತರಿ ಹಿಡಿದದ್ದು ಒಂದು ಸಲ. ಉಳಿದ ಹತ್ತೊಂಬತ್ತು ಮಂದಿಗೆ ದೊರೆತದ್ದು ಪರೀಕ್ಷೆ, ಸಲಹೆ, ಔಷಧ ಇಲ್ಲವೆ ಕನ್ನಡಕ. ಲೋಕ ಅವರನ್ನು ಶಸ್ತ್ರವೈದ್ಯರೆಂದು ಕೊಂಡಾಡಿತು. ಅವರ ಆಯುಷ್ಯದ ಬಹುಭಾಗ ಸಂದದ್ದು ಮಾತ್ರ ಕಣ್ಣುಗಳನ್ನು ನೋಡುವುದರಲ್ಲಿ.

ಈ ನೋಡುವಿಕೆಗೆ ಇರುವ ಬೆಲೆ ಸಾಮಾನ್ಯವಾದುದಲ್ಲ. ಪೊರೆಯಿಂದ ಮರೆಯಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳಿ ಬರಬಲ್ಲುದು. ಗ್ಲಾಕೋಮ ಎಂಬ ರೋಗದ ರೀತಿ ಬೇರೆ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರವನ್ನು ಮೆಲ್ಲಮೆಲ್ಲನೆ ಕೆಡಿಸುವ ಈ ರೋಗದಲ್ಲಿ ಬಹುಪಾಲು ನೋವಿರುವುದಿಲ್ಲ, ಕೆಂಪಿರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಕುಗ್ಗುತ್ತದೆ. ನಡುವಣ ನೋಟ ಉಳಿದಿರುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ತಿಳಿಯುವ ಹೊತ್ತಿಗೆ ಕಳೆದುಹೋದುದು ಯಾವ ಚಿಕಿತ್ಸೆಗೂ ಮರಳದು. ಉಳಿದುದನ್ನು ಕಾಪಾಡಬಹುದು, ಅಷ್ಟೆ. ಸಕ್ಕರೆ ಕಾಯಿಲೆಯವರ ಅಕ್ಷಿಪಟದಲ್ಲಿ ಸೂಕ್ಷ್ಮ ರಕ್ತನಾಳಗಳು ಕೆಡುವುದೂ ಹೀಗೆಯೇ ಸದ್ದಿಲ್ಲದೆ. ಅವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುವುದು ಇದರಿಂದಲೇ. ಇನ್ನು ಮಕ್ಕಳ ವಿಷಯ. ಹುಟ್ಟಿದಂದಿನಿಂದ ಮಸುಕಾಗಿ ಕಂಡ ಮಗುವಿಗೆ ಲೋಕವೇ ಹಾಗಿದೆಯೆಂದು ತೋರುತ್ತದೆ. ಕರಿಹಲಗೆಯ ಮೇಲಿನ ಅಕ್ಷರ ಕಾಣದ ಹುಡುಗ ದಡ್ಡನೆನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಅವನಿಗೆ ಬೇಕಾದದ್ದು ಒಂದು ಜೊತೆ ಗಾಜು. ಒಂದು ಕಣ್ಣು ಮಾತ್ರ ಮಂದವಾಗಿದ್ದು, ಎಳವೆಯಲ್ಲೇ ಅದನ್ನು ಗುರುತಿಸದೆ ಹೋದರೆ, ಮುಂದೆ ಕನ್ನಡಕದಿಂದಲೂ ಅದು ಪೂರ್ತಿ ಚುರುಕಾಗದಿರಬಹುದು.

1976ರಲ್ಲಿ ಭಾರತ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಮೋದಿಯವರಂಥವರು ಮೂರು ದಶಕಗಳಿಂದ ತಮ್ಮ ಹೊಣೆಯೆಂದುಕೊಂಡು ಮಾಡುತ್ತ ಬಂದ ಕೆಲಸವನ್ನು ಸರ್ಕಾರವೂ ಕೈಗೆತ್ತಿಕೊಂಡಂತಾಯಿತು. ಮುಂದೆ ಕಾಲ ಬದಲಾಯಿತು. ಶಾಲೆ ಛತ್ರಗಳಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಸೋಂಕಿನ ಭಯ ತಪ್ಪದೆಂಬ ಕಾರಣದಿಂದ, ತಾತ್ಕಾಲಿಕ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವ ರೂಢಿಯನ್ನು ಕೈಬಿಡಲಾಯಿತು. ಅದು ಉಚಿತವಾದ ನಿರ್ಧಾರವೇ. ಮೋದಿಯವರ ದಿನಗಳಲ್ಲಿ ಹಳ್ಳಿಗರಿಗೆ ಬೇರೆ ದಾರಿಯಿರಲಿಲ್ಲವೆಂಬುದನ್ನೂ ಮರೆಯಲಾಗದು.

ಮೋದಿಯವರು 2005ರ ನವೆಂಬರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಕಣ್ಣಾಸ್ಪತ್ರೆಯ ಬಳಿಯ ರಸ್ತೆಯನ್ನು ಜನ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹಳ್ಳಿಗಳಲ್ಲಿ ಶಿಬಿರಗಳು ಈಗಲೂ ನಡೆಯುತ್ತವೆ. ಬೆಳಗ್ಗೆ ಶಾಲೆಯ ಜಗಲಿಯಲ್ಲಿ ಸಾಲು ನಿಲ್ಲುತ್ತದೆ, ಒಬ್ಬೊಬ್ಬರ ಕಣ್ಣನ್ನೂ ಬೆಳಕು ಹಿಡಿದು ನೋಡುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದವರನ್ನು ವಾಹನದಲ್ಲಿ ಕೂರಿಸಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ.